ತಾನೇ ಆರುವ ಸಿಗರೇಟು

ಸಿಗರೇಟು ಕಾರ್ಖಾನೆಯಲ್ಲಿ ಎಲ್ಲರ ಬಾಯಲ್ಲೂ ಆಕೆ 'ಪರೀಕ್ಷೆ ಅಕ್ಕ'. ಇಪ್ಪತ್ತೆರಡು ವರ್ಷದಿಂದ ಒಂದೇ ಕೆಲಸ: ಹೊರದೇಶಕ್ಕೆ ಹೋಗುವ ಸಿಗರೇಟನ್ನು ಹೊತ್ತಿಸಿ, ಪದರ ಪದರ ಕಾಗದದ ಮೇಲಿಟ್ಟು, ಆರುತ್ತದೋ ಇಲ್ಲವೋ ಎಂದು ಕಾಯುವುದು. ಜನ್ಮದಲ್ಲಿ ಒಂದು ದಮ್ಮೂ ಎಳೆಯದ ಹೆಂಗಸಿಗೆ ದಿನಕ್ಕೆ ನಲವತ್ತು ಸಿಗರೇಟು ಹಚ್ಚುವ ನೌಕರಿ. ಹಣೆಬರಹ ಅಂದರೆ ಹೀಗೂ ಇರುತ್ತದೆ ನೋಡಿ.

ಆ ಸಿಗರೇಟಿನ ಕಾಗದದಲ್ಲಿ ಅಲ್ಲಲ್ಲಿ ದಪ್ಪನೆಯ ಪಟ್ಟಿ. ಸೇದುವವನು ಮೈಮರೆತರೆ ಬೆಂಕಿ ಆ ಪಟ್ಟಿಯವರೆಗೆ ಬಂದು ಸತ್ತುಹೋಗುತ್ತದೆ. ಕೊಳ್ಳುವ ದೇಶದ ಕಾನೂನು ಹಾಗಿದೆ. ಇಲ್ಲಿಯ ಅಂಗಡಿಗೆ ಹೋಗುವ ಮಾಲಿಗೆ ಹೆಸರು ಅದೇ, ಬಣ್ಣ ಅದೇ, ಪಟ್ಟಿ ಮಾತ್ರ ಇಲ್ಲ.

ಕೆಲಸದವರಿಗೆ ವಾರಕ್ಕೆರಡು ಪ್ಯಾಕು ಪುಕ್ಕಟೆ ಸಿಗುತ್ತಿದ್ದುದೂ ಈ ಇಲ್ಲಿಯ ಮಾಲೇ. ಅದು ಗಂಡನ ಪಾಲು. ಆತ ಬಸ್ಸು ಓಡಿಸಿ ನಿವೃತ್ತನಾದವನು. ಊಟವಾದ ಮೇಲೆ ಮಂಚದಲ್ಲಿ ಅಡ್ಡಾಗಿ ಸೇದುತ್ತ ಸೇದುತ್ತಲೇ ತೂಕಡಿಸುವುದು ಅಭ್ಯಾಸ. ಚಾದರದ ತುಂಬ ಕರಿ ತೂತು. ಎದ್ದು ಕೂತು ಸೇದಿ ಎಂದು ಆಕೆ ಹೇಳಿದ್ದೆಲ್ಲ ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು.

ಕೊನೆಗೆ ಆಕೆ ಕಳ್ಳತನಕ್ಕಿಳಿದಳು. ಪರೀಕ್ಷೆಗೆ ಬಂದು ಉಳಿದ ಹೊರದೇಶದ ಸಿಗರೇಟನ್ನು ಊಟದ ಡಬ್ಬಿಯಲ್ಲಿ ತಂದು, ಇಲ್ಲಿಯ ಪ್ಯಾಕಿಗೆ ತುಂಬಿ ಕೊಟ್ಟಳು. ಒಂದು ತಿಂಗಳು ನಡೆಯಿತು. ಆತ ದಿನಾ ಗೊಣಗುವನು.

"ಏನೇ, ನಿಮ್ಮ ಕಂಪನಿಯಲ್ಲಿ ಬೆಂಕಿಗೂ ಬರ ಬಂತಾ? ಗಳಿಗೆಗೊಂದ್ಸಲ ಆರ್ತಾ ಇದೆ."

ಗೊಣಗಾಟ ಕೇಳಿ ಕೇಳಿ ಆಕೆಗೂ ರೋಸಿಹೋಯಿತು. ಒಂದು ಶನಿವಾರ ಪುಕ್ಕಟೆ ಪ್ಯಾಕನ್ನು ಬಿಚ್ಚದೆ ಹಾಗೇ ದಿಂಬಿನ ಪಕ್ಕ ಇಟ್ಟುಬಿಟ್ಟಳು.

"ತಗೊಳ್ಳಿ. ಇದು ಆರಲ್ಲ."

ಮಂಗಳವಾರ ಮಧ್ಯಾಹ್ನ ಆಕೆ ಹದಿನೇಳನೇ ಸಿಗರೇಟು ಹಚ್ಚಿ ಕಾಯುತ್ತಿದ್ದಾಗ ಪಕ್ಕದ ಮನೆಯವರ ಫೋನು ಬಂತು. ಹಾಸಿಗೆ ಸುಟ್ಟಿತ್ತು, ದಿಂಬು ಸುಟ್ಟಿತ್ತು. ಹೊಗೆಯಲ್ಲೇ ಹೋಗಿದ್ದಾರೆ, ನೋವು ಗೊತ್ತಾಗಿರಲಿಕ್ಕಿಲ್ಲ ಎಂದರು ಡಾಕ್ಟರು. ಆಕೆ ಹೂಂ ಎಂದಳು. ಅತ್ತುಬಿಡು, ಹಗುರಾಗುತ್ತದೆ ಎಂದು ನಾದಿನಿ ಬೆನ್ನು ಸವರಿದಳು. ಅಳು ಬರಲಿಲ್ಲ. ಹಸಿವೆಯೂ ಬರಲಿಲ್ಲ, ಸಿಟ್ಟೂ ಬರಲಿಲ್ಲ.

ಮೂರನೇ ವಾರ ಕೆಲಸಕ್ಕೆ ಬಂದಳು. ಮೊಳೆಗೆ ತೂಗುಹಾಕಿದ್ದ ಗಂಡನ ಅಂಗಿಯ ಜೇಬಿನಲ್ಲಿ ಅದೇ ಪ್ಯಾಕು ಸಿಕ್ಕಿತ್ತು, ಒಳಗೆ ಐದು ಉಳಿದಿದ್ದವು. ಅದರಲ್ಲಿ ಒಂದನ್ನು ಹಚ್ಚಿ ಪರೀಕ್ಷೆಯ ಕಾಗದದ ಮೇಲಿಟ್ಟಳು. ಕೈಕಟ್ಟಿ ಕೂತಳು. ಅದು ಎಲ್ಲೂ ನಿಲ್ಲದೆ ತುದಿಯವರೆಗೆ ಉರಿಯಿತು. ಅಡಿಯ ಕಾಗದ ಕಂದಿತು.

ಆ ಕಡೆ ಬಂದ ಮೇಲ್ವಿಚಾರಕ ಬಗ್ಗಿ ನೋಡಿದ.

"ಇದು ಫೇಲಲ್ವಾ ಅಕ್ಕ? ಯಾವ ದೇಶಕ್ಕೆ ಹೋಗೋದು?"

"ನಮ್ಮ ಮನೆಗೆ ಹೋಗಿದ್ದು ಸಾರ್. ಇದಕ್ಕೆ ಪರೀಕ್ಷೆನೇ ಇಲ್ಲ."

ಅವನು ಮುಂದಿನ ಮೇಜಿಗೆ ಹೋದ. ಆಕೆ ಬೂದಿ ಒರೆಸಿ, ಹೊಸ ಕಾಗದ ಹಾಕಿ, ಹೊರದೇಶದ್ದೊಂದನ್ನು ಹಚ್ಚಿಟ್ಟಳು. ಅದು ಅರ್ಧಕ್ಕೆ ಬಂದು ಆರಿತು.