ಚಿಕ್ಕಮ್ಮನಿಗೆ ಒಳ್ಳೆಯ ಹೆಸರು ಬಂದ ಹದಿನೆಂಟು ದಿನ

ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ, ಕ್ಷಮಿಸಿ. ಎಂಟನೇ ತರಗತಿಗೇ ಶಾಲೆ ಬಿಟ್ಟವಳು, ಪದಗಳೂ ಸಾಲವು. ಚಿಕ್ಕಮ್ಮನ ವಿಷಯ ತಪ್ಪಿಲ್ಲದೆ ಬರೆಯಬೇಕೆಂದು ಮೂರು ಸಲ ಹರಿದು ಬರೆದಿದ್ದೇನೆ.

ಚಿಕ್ಕಮ್ಮ ಟೈಲರ್. ಗಂಡ ಬಿಟ್ಟುಹೋದ ಮೇಲೆ ಮುಂದಿನ ಕೋಣೆಯಲ್ಲಿ ಮಿಷನ್ ಹಾಕಿಕೊಂಡಳು. ಅವಳ ಮನೆಯಲ್ಲೇ ಇರುವ ನನಗೆ ಗುಂಡಿ, ಕಾಜದ ಕೆಲಸ. ಅವಳ ಕೈಯಲ್ಲಿ ಸದಾ ಮರದ ಸ್ಕೇಲು. ಕರೆಯುವುದೂ ಗದರುವುದೂ ಅದನ್ನು ಮೇಜಿಗೆ ಕುಟ್ಟಿಯೇ. ಮಗಳು ಗುಬ್ಬಿಗೆ ಒಂಬತ್ತು ವರ್ಷ. ಅವಳಿಗೆ ಲೂಪಸ್. ಮೈ ಕಾಯಬೇಕಾದ ಶಕ್ತಿಯೇ ತಿರುಗಿ ಮೈಯನ್ನು ತಿನ್ನುವ ಕಾಯಿಲೆ. ರಕ್ತ ಒಳಗೇ ಹೆಪ್ಪುಗಟ್ಟಬಾರದೆಂದು ಡಾಕ್ಟರು ದಿನಕ್ಕೊಂದು ಮಾತ್ರೆ ಕೊಟ್ಟಿದ್ದರು. ಅದರಿಂದ ಚೂರು ತಾಗಿದರೂ ನೀಲಿ ಕಲೆ ಏಳುತ್ತಿತ್ತು, ವಸಡಿನಲ್ಲಿ ರಕ್ತ ಒಸರುತ್ತಿತ್ತು.

ಕಲೆ ನೋಡಿದವರು ಸ್ಕೇಲನ್ನೂ ನೋಡಿದರು. ಪಕ್ಕದ ಮನೆಯವರು ಗುಬ್ಬಿಯ ಶಾಲೆಯ ಟೀಚರ್. ತೋಳಿನ ಅಳತೆ ಕೊಡುತ್ತಲೇ ಕೇಳಿದರು:

"ಗಂಡನ ಮೇಲಿನ ಸಿಟ್ಟು ಮಗು ಮೇಲೆ ತೀರಿಸ್ಕೋತೀಯೇನಮ್ಮಾ?"

"ಕಾಯಿಲೆ ಟೀಚರ್ ಅದು."

"ಯಾರಿಗೆ, ಅವಳಿಗೋ ನಿನ್ ಕೈಗೋ?"

ಬಟ್ಟೆ ಒಯ್ಯಲು ಬಂದವರೆಲ್ಲ ನಕ್ಕರು. "ಇನ್ನೊಂದು ಕಲೆ ಕಾಣ್ಲಿ, ದೂರು ಕೊಡ್ತೀನಿ. ಮಗೂನ ಕರ್ಕೊಂಡು ಹೋಗ್ತಾರೆ" ಎಂದರು ಟೀಚರ್.

ಮರುದಿನದಿಂದ ಚಿಕ್ಕಮ್ಮ ಮಾತ್ರೆ ಕೊಡಲಿಲ್ಲ. ದಿನಕ್ಕೊಂದನ್ನು ಗುಂಡಿ ಡಬ್ಬಿಗೆ ಹಾಕುತ್ತಿದ್ದಳು. ಆ ಡಬ್ಬಿಗೆ ಕೈಹಾಕುವವಳು ನಾನೇ. ಕಂಡೂ ಬಾಯಿ ಬಿಡಲಿಲ್ಲ.

ಕಲೆಗಳು ಮಾಸಿದವು. "ಅಂತೂ ಬುದ್ಧಿ ಬಂತಲ್ಲ ತಾಯಿ" ಎಂದು ಟೀಚರ್ ಇನ್ನೆರಡು ಅಂಗಿ ಹೊಲಿಯಲು ಕೊಟ್ಟರು. ಚಿಕ್ಕಮ್ಮ ಗುನುಗುತ್ತಾ ಹೊಲಿದಳು.

ಹತ್ತೊಂಬತ್ತನೇ ದಿನ ಗುಬ್ಬಿಯ ಎಡಗಾಲು ದಿಂಬಿನಂತೆ ಊದಿತು. "ಅಕ್ಕಾ, ಈ ಕಾಲು ನಂದಲ್ವೇನೋ" ಎಂದಳು. ಚಿಕ್ಕಮ್ಮ ಅವಳನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡುವಾಗ ಬೆನ್ನಹಿಂದೆ ಟೀಚರ್ ದನಿ: "ನೋಡ್ರೀ, ಈ ಸಲ ಕಾಲೇ ಮುರಿದಿದ್ದಾಳೆ!"

ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದರು ಡಾಕ್ಟರು.

"ಮಾತ್ರೆ ತಪ್ಪಿಸಿಲ್ಲ ತಾನೇ?"

"ಒಂದಿನಾನೂ ಇಲ್ಲ ಸಾರ್" ಎಂದಳು ಚಿಕ್ಕಮ್ಮ.

"ಹಾಗಾದ್ರೆ ಅದು ಸಾಲ್ತಿಲ್ಲ. ನಾಳೆಯಿಂದ ಅದರ ಜೊತೆಗೆ ಜೋರಾದ ಔಷಧಿ ಸೇರಿಸ್ತೀನಿ. ಒಳಗೆಲ್ಲಾದ್ರೂ ರಕ್ತ ಸೋರಿದ್ರೆ ನಿಲ್ಲಿಸೋದು ಕಷ್ಟ. ಬೇರೆ ದಾರಿಯಿಲ್ಲ."

ಚಿಕ್ಕಮ್ಮ ತಲೆಯಾಡಿಸಿದಳು. ಹೊರಗೆ ಬಂದು ನನ್ನ ರಟ್ಟೆ ಹಿಡಿದಳು. "ಬಾಯಿ ಬಿಟ್ಯೋ, ಮಗಳನ್ನ ಕಿತ್ಕೋತಾರೆ. ನಿನ್ನೂ ಬೀದಿಗೆ ಹಾಕ್ತೀನಿ." ಉಗುರು ನಾಟಿದ ಜಾಗ ಇನ್ನೂ ಉರಿಯುತ್ತಿದೆ.

ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಡಾಕ್ಟರು ಗುಬ್ಬಿಯ ವಾರ್ಡಿಗೆ ಬರುತ್ತಾರೆ. ಹದಿನೆಂಟು ದಿನ ಮಾತ್ರೆ ಕೊಟ್ಟಿಲ್ಲವೆಂದು ಚಿಕ್ಕಮ್ಮನ ಎದುರಿಗೇ ಅವರಿಗೆ ಹೇಳುತ್ತೇನೆ.