ಹೆಸರು ಬರೆಯಬೇಡಿ ಎಂದಿದ್ದ ಅಕ್ಕ

ಸಹನಾ, ಮನು, ಮೊನ್ನೆ ಮನು ಕಾಲೇಜಿನಿಂದ ತಂದ ಹಾಳೆಯೊಂದು ಮಂಚದ ಮೇಲೆ ಬಿದ್ದಿತ್ತು. ಯಾವ ಯಾವ ಅಮಲು ಪದಾರ್ಥ ಮುಟ್ಟಿದ್ದೀರಿ ಎಂಬ ಪ್ರಶ್ನೆಗಳು. ಮೇಲೆ, ‘ಹೆಸರು ಬರೆಯಬೇಡಿ’. ನಾನು ಅದನ್ನು ಮೂಸಿ ನೋಡಿದಾಗ ನೀವಿಬ್ಬರೂ ನಕ್ಕಿರಿ. ಅದಕ್ಕೆ ವಾಸನೆಯೇ ಇರಲಿಲ್ಲ. ಅಕ್ಕನ ಹಾಳೆಗಳಿಗೆ ಸ್ಟೆನ್ಸಿಲ್ ಮಸಿಯ ವಾಸನೆ ಇತ್ತು...

ಎಪ್ಪತ್ತರ ದಶಕದ ಮಾತು. ಕೊಳ್ಳೇಗಾಲದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಅವರು ಬಾಡಿಗೆಗಿದ್ದರು. ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದರು. ನಾನು ಅಕ್ಕ ಎನ್ನುತ್ತಿದ್ದೆ. ಅವರು ಒಬ್ಬರೇ. ನಾನೂ ಒಂದು ರೀತಿಯಲ್ಲಿ ಒಬ್ಬಳೇ; ನಿಮ್ಮ ತಾತ ಹನೂರಿನಲ್ಲಿ ಕೆಲಸದಲ್ಲಿದ್ದು ಭಾನುವಾರ ಮಾತ್ರ ಬರುತ್ತಿದ್ದರು, ಉಳಿದ ದಿನ ಮನೆಯಲ್ಲಿ ನಮ್ಮತ್ತೆ, ನಾನು. ಹಳ್ಳಿ ಶಾಲೆಯಲ್ಲಿ ಓದಿದ ನನಗೆ ಅಕ್ಕನೊಡನೆ ಮಾತಾಡಲು ನಾಚಿಕೆ. ಅವರು ಹಾಳೆ ಜೋಡಿಸುವಾಗ ಬಾಗಿಲಲ್ಲಿ ನಿಂತು ಗುಂಡುಸೂಜಿ ಕೊಡುತ್ತಿದ್ದೆ, ಅಷ್ಟೇ.

ಕಾಲೇಜಿನ ಕೆಲವು ಹುಡುಗರು ಗಾಂಜಾ, ಮಾತ್ರೆ ಕಲಿತಿದ್ದಾರೆಂದು ಅಕ್ಕನಿಗೆ ಚಿಂತೆ. ಹಿಡಿದು ಶಿಕ್ಷಿಸುವುದಕ್ಕಲ್ಲ, ತಿಳಿದು ನೆರವಾಗುವುದಕ್ಕೆ ಅವರೂ ಇಂಥದೇ ಪ್ರಶ್ನೆಗಳ ಹಾಳೆ ಮಾಡಿದ್ದರು. ನಮ್ಮತ್ತೆ ನಗುತ್ತಿದ್ದರು.

“ಗಾಂಜಾ ಸೇದೀಯಾ ಅಂತ ಕೇಳುದ್ರೆ ಯಾವನವ್ವ ಊಂ ಅಂದಾನು? ಬರ್ಕೊಳದಾದ್ರೆ ನಮ್ ಮಾವುನ್ನೂ ಬರ್ಕೊ. ಮಠದ ಜಗುಲೀಲಿ ಕುಂತು ದಿನಾ ಎಳೀತಿದ್ದ.”

“ಹೆಸರು ಕೇಳ್ದೆ ಇದ್ರೆ ನಿಜ ಬರೀತಾರೆ ಅಮ್ಮ. ಯಾರಿಗೂ ತೋರಿಸಲ್ಲ ಅಂತ ಮಾತು ಕೊಟ್ಟಿದ್ದೀನಿ,” ಎಂದರು ಅಕ್ಕ.

ಆದರೆ ನಮ್ಮ ಕಡೆಯ ಹುಡುಗರಿಗೆ ಹಾಳೆ ಕೈಗೆ ಬಂದರೆ ಮೊದಲು ‘ಶ್ರೀ’, ಅದರ ಕೆಳಗೆ ಹೆಸರು, ಊರು ಬರೆದೇ ಅಭ್ಯಾಸ. ನನಗೂ ಶಾಲೆಯಲ್ಲಿ ಹಾಗೆಯೇ ಕಲಿಸಿದ್ದರು. ಬೇಡವೆಂದರೂ ಎಷ್ಟೋ ಜನ ಬರೆದುಬಿಟ್ಟಿದ್ದರು. ಹೊನ್ನೂರಿನ ಒಬ್ಬ ಹುಡುಗ ಗಾಂಜಾದ ಪ್ರಶ್ನೆಗೆ ‘ಹೌದು’ ಎಂದು ಬರೆದು, ಕೊನೆಯಲ್ಲಿ ‘ಬಿಡಲು ಆಗುತ್ತಿಲ್ಲ. ಏನು ಮಾಡಬೇಕು?’ ಎಂದು ಕೇಳಿದ್ದ.

ಹಾಳೆಗಳನ್ನೆಲ್ಲ ಬೆಳಿಗ್ಗೆ ತಂದೊಪ್ಪಿಸಬೇಕು, ‘ಹೌದು’ ಎಂದವರನ್ನು ಕಾಲೇಜಿನಿಂದ ತೆಗೆಯುತ್ತೇನೆ ಎಂದು, ಹೇಗೋ ವಿಷಯ ತಿಳಿದ ಪ್ರಿನ್ಸಿಪಾಲರು ಜವಾನನ ಕೈಲಿ ಹೇಳಿಕಳಿಸಿದರು. ಅಕ್ಕ ಹಾಳೆಗಳನ್ನೆಲ್ಲ ತಂದು ಚಾಪೆಯ ಮೇಲೆ ಹರಡಿದರು. ಆಮೇಲೆ ನನ್ನ ಕಡೆ ತಿರುಗಿ, “ಕತ್ತರಿ ಇದೆಯಾ?” ಎಂದರು.

ಎಲ್ಲ ಹಾಳೆಗಳ ತಲೆಯನ್ನೂ ಕತ್ತರಿಸಿದೆವು. ಹೆಸರಿದ್ದವು, ಇಲ್ಲದವು, ಎಲ್ಲವೂ ಒಂದೇ ಸಮ. ಚೂರುಗಳನ್ನು ನಾನೇ ನೀರೊಲೆಗೆ ಹಾಕಿದೆ. ಬೆಳಿಗ್ಗೆ ಅಕ್ಕ ತಲೆಯಿಲ್ಲದ ಹಾಳೆಗಳನ್ನೇ ಒಪ್ಪಿಸಿದರು; ಯಾವ ಹುಡುಗನನ್ನೂ ತೆಗೆಯಲಾಗಲಿಲ್ಲ.

ಹೊನ್ನೂರಿನ ಹುಡುಗನ ಹೆಸರು ಅಕ್ಕನಿಗೆ ನೆನಪಿತ್ತು. ಪ್ರತಿ ಗುರುವಾರ ಸಂಜೆ ಅವನನ್ನು ಜಗುಲಿಗೆ ಕರೆಸಿ, ಕಾಫಿ ಕೊಟ್ಟು, ಒಂದೇ ಪ್ರಶ್ನೆ ಕೇಳುತ್ತಿದ್ದರು: “ಈ ವಾರ?”

ಅಕ್ಕನ ಕೆಲಸ ಕಾಯಂ ಆಗಿರಲಿಲ್ಲ. ಬೇಸಿಗೆ ರಜೆ ಕಳೆದು ಕಾಲೇಜು ತೆರೆದಾಗ ಅವರನ್ನು ಮತ್ತೆ ಕರೆಯಲಿಲ್ಲ. ಕೋಣೆ ಖಾಲಿ ಮಾಡಿ ಮೈಸೂರಿನ ಬಸ್ಸು ಹತ್ತಿದರು. ಅದು ತಿಳಿಯದೆ ಹುಡುಗ ಗುರುವಾರ ಬಂದ.

“ಅಕ್ಕಾವ್ರು ಇಲ್ವಾ?”

“ಮೈಸೂರ್ಗೆ ಓದ್ರು ಕಣಪ್ಪ. ಇನ್ ಬರಾಕಿಲ್ಲ,” ಎಂದರು ನಮ್ಮತ್ತೆ.

ಅವನು ಮೆಟ್ಟಿಲಿಳಿದ. ಹೊರಗಿನ ಗಂಡಸರೊಡನೆ ಎಂದೂ ಮಾತಾಡದ ನಾನು ಬಾಗಿಲ ಮರೆಯಿಂದಲೇ ಕೂಗಿದೆ. “ಕಾಫಿ ಕುಡ್ಕಂಡು ಓಗು.”

ಕುಡಿದು, ಲೋಟ ತೊಳೆದು ಬೋರಲು ಹಾಕಿದ. ಆಗ ಕೇಳಿದೆ. “ಈ ವಾರ?”

“ಒಂದ್ಸಲ ಕಣಕ್ಕ,” ಎಂದ, ತಲೆ ತಗ್ಗಿಸಿ. “ನಿಮ್ತಾವ ಸುಳ್ ಯೇಳನಾ?”

“ಬರೋ ಗುರುವಾರನೂ ಬಾ.”

ಪರೀಕ್ಷೆ ಮುಗಿಸಿ ಊರಿಗೆ ಹೋಗುವ ತನಕ ಬಂದ. ಕೊನೆಯ ತಿಂಗಳುಗಳಲ್ಲಿ ಅವನ ಉತ್ತರ ‘ಇಲ್ಲ’ ಎಂದೇ ಇತ್ತು. ಅದನ್ನು ಅಕ್ಕನಿಗೆ ತಿಳಿಸಬೇಕೆಂದು ಎಷ್ಟು ಆಸೆಯಿತ್ತು... ವಿಳಾಸ ಕೇಳಿಟ್ಟುಕೊಳ್ಳಲು ನನಗೆ ಬಾಯಿ ಬಂದಿರಲಿಲ್ಲ. ಈಗ ಅವರು ಇರಲಾರರು. ತಾತನೂ ಇಲ್ಲ. ಗುರುವಾರ ಸಂಜೆ ಕಾಫಿ ಕಾಸುವಾಗ ಈಗಲೂ ಕಿವಿ ಬಾಗಿಲ ಕಡೆಗೇ ಹೋಗುತ್ತದೆ.

ಮನು, ನಿನ್ನ ಉತ್ತರಗಳನ್ನು ನಾನು ನೋಡಿಲ್ಲ. ಹಾಳೆ ಮಡಚಿ ನಿನ್ನ ಪುಸ್ತಕದಲ್ಲಿಟ್ಟಿದ್ದೇನೆ. ಗುರುವಾರ ಕಾಫಿಗೆ ಬಾ. ನಾನು ಬರೆದ ಈ ಹಾಳೆಗಳನ್ನು ಇಬ್ಬರೂ ಜೋಪಾನವಾಗಿಡಿ. ಮೇಲೆ ‘ಶ್ರೀ’, ಅದರ ಕೆಳಗೆ ನನ್ನ ಹೆಸರು, ಊರು ಬರೆದಿದ್ದೇನೆ. ಅದನ್ನು ಕತ್ತರಿಸಬೇಡಿ.