ಬ್ಯಾಟರಿ ಸಾಹೇಬರ ಹೂಜಿ ಗಿಡ

ಬ್ಯಾಟರಿ ಸಾಹೇಬರ ಅಂಗಿಯ ಹೊಟ್ಟೆಯ ಭಾಗ ಸಾಣಿಗೆಯಂತಿತ್ತು. ಆ್ಯಸಿಡ್ ಹನಿ ಸಿಡಿದಲ್ಲೆಲ್ಲ ಒಂದೊಂದು ತೂತು. ಹೊಸ ಅಂಗಿಯೂ ವಾರದೊಳಗೆ ಆ ಪರಂಪರೆಗೆ ಸೇರಿಬಿಡುತ್ತಿತ್ತು. ಹಗರಿಬೊಮ್ಮನಹಳ್ಳಿಯಲ್ಲಿ ನಮ್ಮ ಮನೆಗೂ ಅವರ ಅಂಗಡಿಗೂ ನಡುವೆ ಒಂದೇ ಗೋಡೆ. ಅವರು ಲಾರಿ, ಟ್ರ್ಯಾಕ್ಟರುಗಳ ಸತ್ತ ಬ್ಯಾಟರಿಗಳಿಗೆ ಜೀವ ತುಂಬುತ್ತಿದ್ದರು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಯಾರ ಕೆಲಸ ಹೆಚ್ಚು ಫಲ ಕೊಟ್ಟಿತೆಂಬುದನ್ನು ಊರು ಬಲ್ಲದು.

ಅಂಗಡಿಯ ಹಿಂದೆ ತಗಡಿನ ನೆರಳಲ್ಲಿ, ಒದ್ದೆ ಗೋಣಿಚೀಲದ ಪರದೆಯೊಳಗೆ, ಅವರ ಹೂಜಿ ಗಿಡ ತೂಗುತ್ತಿತ್ತು. ಎಲೆಯ ತುದಿಗೆ ಮುಚ್ಚಳವಿರುವ ಪುಟ್ಟ ಹೂಜಿ ಕಟ್ಟಿಕೊಂಡು, ಅದರೊಳಗೆ ಬಿದ್ದ ನೊಣ ಇರುವೆಗಳನ್ನು ಅರಗಿಸಿಕೊಂಡು ಬದುಕುವ ಗಿಡ. ಕೇರಳಕ್ಕೆ ಲೋಡು ಒಯ್ದಿದ್ದ ಡ್ರೈವರನೊಬ್ಬ ತಂದುಕೊಟ್ಟದ್ದು. ಅದಕ್ಕೆ ಮಣ್ಣಿಲ್ಲ, ತೆಂಗಿನ ನಾರು, ಇದ್ದಿಲು, ಅಷ್ಟೇ. ನಮ್ಮ ಬೋರಿನ ಗಡಸು ನೀರು ಸೋಕುವಂತಿಲ್ಲ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರೇ ಆಗಬೇಕು.

“ಬ್ಯಾಟ್ರಿಗೂ ಇದಕ್ಕೂ ಒಂದಽ ನೀರ್ರಿ ಮಾಸ್ತರ,” ಎನ್ನುತ್ತಿದ್ದರು. “ಉಪ್ಪು ಕುಡದ್ರ ಎರಡೂ ಕೆಡ್ತಾವ.”

ಆ ಗಿಡವನ್ನು ಅವರು ಸರಿಯಾಗಿ ಕಂಡೇ ಇರಲಿಲ್ಲ. ಅದು ಬರುವ ಹೊತ್ತಿಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಕೆಲಸ ಕೈಗೆ ಗೊತ್ತಿದ್ದರಿಂದ ಅಂಗಡಿ ನಡೆಯುತ್ತಿತ್ತು. ಹೂಜಿಗಳನ್ನೂ ಬೆರಳಿನಿಂದಲೇ ತಡವಿ, ಯಾವುದು ತುಂಬಿದೆ, ಯಾವುದರ ಮುಚ್ಚಳ ಇನ್ನೂ ಬಿಚ್ಚಿಲ್ಲ ಎಂದು ಹೇಳುತ್ತಿದ್ದರು. ಎರಡು ವರ್ಷ ಹೀಗೇ ಕಳೆದು, ಕೊನೆಗೆ ಹುಬ್ಬಳ್ಳಿಯಲ್ಲಿ ಆಪರೇಷನ್ನಿಗೆ ಒಪ್ಪಿದರು. ಅಲ್ಲೇ ಮಗಳ ಮನೆಯಲ್ಲಿ ಒಂದು ತಿಂಗಳ ವಾಸ. ಹೊರಡುವಾಗ ಗಿಡವನ್ನೂ ನೀರಿನ ಕ್ಯಾನನ್ನೂ ನನಗೊಪ್ಪಿಸಿ, ಒಂದು ಮುಚ್ಚಿದ ಹೂಜಿಯನ್ನು ಮುಟ್ಟಿ ತೋರಿಸಿದರು.

“ನಾ ಬರೋದ್ರಾಗ ಇದು ಬಾಯಿ ಬಿಡತೈತಿ. ಕಣ್ಣು ಬಂದ ಮ್ಯಾಲ ಮೊದ್ಲು ಇದನ್ನಽ ನೋಡ್ತೀನ್ರಿ. ನೀರು ಬಿಟ್ರ ಏನೂ ಹಾಕಬ್ಯಾಡ್ರಿ ಮತ್ತ!”

ವಿಜ್ಞಾನದ ಮಾಸ್ತರನಿಗೆ ಇಷ್ಟು ಸಣ್ಣ ಸೂಚನೆ ಅವಮಾನವೆನಿಸಿತು. ಆದರೂ ಎರಡು ವಾರ ಪಾಲಿಸಿದೆ. ಆಮೇಲೆ ಎಲೆ ತುಸು ಬಿಳಿಚಿದಂತೆ ಕಂಡಿತು.

“ಬರೇ ನೀರು ಕುಡದು ಯಾವ ಕೂಸು ಬದುಕತೈತ್ರಿ?” ಎಂದಳು ನನ್ನ ಹೆಂಡತಿ.

ಕೂಡ್ಲಿಗಿ ಕಡೆಯ ಕುರಿಗೊಬ್ಬರಕ್ಕೆ ಸಮನಾದದ್ದು ಭೂಮಂಡಲದಲ್ಲಿಲ್ಲವೆಂಬುದು ನಮ್ಮ ಸೀಮೆಯ ನಂಬಿಕೆ. ಎರಡು ಮುಷ್ಟಿ ಅರ್ಪಿಸಿದೆ. ಹತ್ತು ದಿನದಲ್ಲಿ ಹೂಜಿಗಳೆಲ್ಲ ಕಪ್ಪಾಗಿ ಮುದುಡಿದವು. ಆ ಮುಚ್ಚಿದ ಹೂಜಿ ಬಿಚ್ಚದೆಯೇ ಉದುರಿತು. ಫೋನಿನಲ್ಲಿ ಮಾತ್ರ ಗಿಡ ದಿನೇ ದಿನೇ ಸೊಂಪಾಗಿ ಬೆಳೆಯುತ್ತಿತ್ತು.

ಕರಿ ಕನ್ನಡಕ ಹಾಕಿಕೊಂಡು ಬಂದ ಸಾಹೇಬರು ಬ್ಯಾಗನ್ನೂ ಇಳಿಸದೆ ಗೋಣಿಪರದೆ ಸರಿಸಿದರು. ಕನ್ನಡಕ ತೆಗೆದರು. ನೋಡಿದರು. ಆಮೇಲೆ ಕುಂಡಕ್ಕೆ ಮೂಗು ಹಚ್ಚಿದರು.

“ಕುರಿ ಹಿಕ್ಕಿ!”

ನಾನು ಉದುರಿದ ಹೂಜಿಯನ್ನು ಕಾಲಿನಿಂದ ಮರೆಗೆ ಸರಿಸಿದೆ.

“ಇಷ್ಟು ವರ್ಷ ಸಾಲ್ಯಾಗ ಏನು ಕಲಿಸಿದ್ರಿ ಮಾಸ್ತರ?”

ಬೈದದ್ದು ಅಷ್ಟೇ. ಅಲ್ಲೇ ಕುಕ್ಕರಗಾಲಲ್ಲಿ ಕೂತು ಗಿಡವನ್ನು ಕುಂಡದಿಂದ ಬಿಡಿಸಿ, ನೀರಿನ ಕ್ಯಾನು ತರಲು ನನಗೇ ಹೇಳಿದರು. “ಹಾಕ್ರಿ. ಸಣ್ಣಗ,” ಎಂದು ನನ್ನಿಂದಲೇ ನೀರು ಬಿಡಿಸಿಕೊಂಡು, ಕೂಸಿನ ಕಾಲು ತೊಳೆದಂತೆ ಬೇರು ತೊಳೆದರು. ಎಲ್ಲ ಮುಗಿದ ಮೇಲೆ, “ಇನ್ಮ್ಯಾಲ ದಿನಾ ಇದಕ್ಕ ನೀರು ಹಾಕೋರು ನೀವಽ,” ಎಂದರು. ಶಿಕ್ಷೆಯೋ ನಂಬಿಕೆಯೋ, ನಾನು ಕೇಳಲಿಲ್ಲ. ದಿನಾ ಹಾಕಿದೆ.

ಮರುವರ್ಷದ ಬೇಸಿಗೆಯಲ್ಲಿ ಅವರು ಎದೆನೋವಿನಿಂದ ತೀರಿಕೊಂಡರು. ಅಷ್ಟರೊಳಗೆ ಗಿಡ ಕೊಟ್ಟದ್ದು ಒಂದೇ ಹೂಜಿ. ಅದು ಬಿಚ್ಚಿದ ದಿನ ಶುಕ್ರವಾರ. ನಮಾಜಿಗೆ ಹೊರಟಿದ್ದವರು ಗೋಡೆಯಾಚೆಯಿಂದ ನನ್ನನ್ನು ಕೂಗಿದರು.

“ಮಾಸ್ತರ, ಲಗೂನ ಬರ್ರಿ! ಒಳಗ ಕೆಂಪು ಚುಕ್ಕಿ ಅದಾವಲ್ರೀ! ಮೊದಲಿನವಕ್ಕೂ ಇದ್ವೇನ್ರಿ?”

“ಇದ್ವು, ಸಾಹೇಬ್ರ.”

“ಯಾರೂ ಹೇಳಽ ಇಲ್ಲಲ್ಲ ನನಗ,” ಎಂದರು, ನಗುತ್ತಲೇ.

ಎರಡು ವರ್ಷ ಪಕ್ಕದಲ್ಲೇ ಕೂತು, ಅವರ ಬೆರಳು ಹೂಜಿಗಳ ಮೇಲೆ ಓಡಾಡುವುದನ್ನು ನೋಡಿದವನು ನಾನು. ಬಣ್ಣ ಹೇಳಬೇಕೆಂದು ಒಮ್ಮೆಯೂ ತೋಚಿರಲಿಲ್ಲ.